ಹೆಸರು ಅಳಿಸಿದ ಮೇಲೂ ರೋಗಿಯ ಗುರುತು ಸಿಗುವುದೇಕೆ? ವೈದ್ಯಕೀಯ ದಾಖಲೆ, ಸಂಶೋಧನೆ ಮತ್ತು ಕೊಡಗಿನಂಥ ಪುಟ್ಟ ಜಿಲ್ಲೆ

ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಮೊಬೈಲ್‌ನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು, 14 ಅಂಕಿಗಳ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಕೊಡುವುದು ಈಗ ಹಳ್ಳಿಯವರಿಗೂ ರೂಢಿಯಾಗುತ್ತಿದೆ. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಜಿಲ್ಲಾಸ್ಪತ್ರೆ ಬೋಧನಾ ಆಸ್ಪತ್ರೆಯೂ ಆಯಿತು. ಬೋಧನೆ ಇರುವಲ್ಲಿ ಅಧ್ಯಯನವೂ ಇರುತ್ತದೆ, ಪ್ರಬಂಧಗಳೂ ಇರುತ್ತವೆ. ಬುಡಕಟ್ಟು ಜನರಿರುವ ಪ್ರದೇಶಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆಯನ್ನು ಪತ್ತೆಹಚ್ಚಲು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವೇ ಶುರುವಾಗಿದೆ. ಇವೆಲ್ಲದರ ನಡುವೆ 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳನ್ನು ಪ್ರಕಟಿಸಿತು. ನಮ್ಮ ರಕ್ತಪರೀಕ್ಷೆಯ ಫಲಿತಾಂಶ, ಸ್ಕ್ಯಾನಿಂಗ್ ವರದಿ, ಕೇಸ್ ಶೀಟ್ ಸಂಶೋಧಕರ ಕೈಗೆ ಹೋಗುತ್ತವೆಯೇ, ಹೋದರೆ ನಮ್ಮ ಗುಟ್ಟು ಉಳಿಯುತ್ತದೆಯೇ ಎಂಬ ಪ್ರಶ್ನೆ ಈಗ ಎಲ್ಲರದ್ದೂ ಆಗಿದೆ.

ಹೆಸರು, ವಿಳಾಸ ಅಳಿಸಿ ಕೊಡುತ್ತೇವೆ ಎಂಬುದು ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ. ಆ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಊರಿನವರೆಲ್ಲ ಒಬ್ಬರನ್ನೊಬ್ಬರು ಬಲ್ಲ ಕೊಡಗಿನಂಥ ಜಿಲ್ಲೆಯಲ್ಲಂತೂ ಅದು ಇನ್ನಷ್ಟು ಅಪೂರ್ಣ. ಏಕೆ ಎಂಬುದನ್ನು ಮೊದಲಿನಿಂದ ನೋಡೋಣ.

ಸಂಶೋಧಕರಿಗೆ ನಮ್ಮ ಕೇಸ್ ಶೀಟ್ ಏಕೆ ಬೇಕು?

ಒಂದು ಉದಾಹರಣೆ ಹಾವು ಕಡಿತದ್ದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷದ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಆಧರಿಸಿ ತಯಾರಾಗುತ್ತದೆ. ಪಶ್ಚಿಮಘಟ್ಟದ ಕಾಫಿ ತೋಟಗಳಲ್ಲಿ ಗುಳಿಮಂಡಲ ಜಾತಿಯ ಹಾವುಗಳೂ ಇವೆ. ಅವುಗಳ ವಿಷ ಈ ನಾಲ್ಕರ ಪಟ್ಟಿಯಲ್ಲಿಲ್ಲ. ತೋಟದಲ್ಲಿ ಕಪಾತು ಮಾಡುವಾಗ, ಹಣ್ಣು ಕೊಯ್ಯುವಾಗ ಯಾವ ಹಾವು ಎಷ್ಟು ಮಂದಿಯನ್ನು ಕಚ್ಚುತ್ತದೆ, ಯಾವ ತಿಂಗಳಲ್ಲಿ ಹೆಚ್ಚು, ಆಸ್ಪತ್ರೆಗೆ ಬರಲು ಎಷ್ಟು ಗಂಟೆ ಹಿಡಿಯಿತು, ಮೂತ್ರಪಿಂಡಕ್ಕೆ ಹಾನಿಯಾಯಿತೇ ಎಂಬುದಕ್ಕೆಲ್ಲ ಉತ್ತರ ಇರುವುದು ಪ್ರಯೋಗಾಲಯದಲ್ಲಲ್ಲ, ಆಸ್ಪತ್ರೆಗಳ ದಾಖಲೆ ಕೋಣೆಗಳಲ್ಲಿ. ಒಬ್ಬ ವೈದ್ಯರು ವರ್ಷಕ್ಕೆ ಕೆಲವೇ ಪ್ರಕರಣಗಳನ್ನು ನೋಡುತ್ತಾರೆ. ಹತ್ತಾರು ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟಾಗಲೇ ಚಿತ್ರ ಸ್ಪಷ್ಟವಾಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದ್ದರ ಹಿಂದೆಯೂ ಇದೇ ತರ್ಕವಿದೆ.

ಮಳೆಗಾಲದ ಇಲಿಜ್ವರ, ಮಂಗನ ಕಾಯಿಲೆ, ಗರ್ಭಿಣಿಯರ ರಕ್ತಹೀನತೆ, ಹೀಗೆ ಪಟ್ಟಿ ಬೆಳೆಯುತ್ತದೆ. ಆದ್ದರಿಂದ ದಾಖಲೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಪರಿಹಾರವಲ್ಲ. ಹಂಚಿಕೊಳ್ಳದಿದ್ದರೆ ಆಗುವ ನಷ್ಟವೂ ರೋಗಿಗಳದ್ದೇ. ಹಂಚಿಕೊಳ್ಳುವ ಬಗೆ ಯಾವುದಿರಬೇಕು ಎಂಬುದೇ ಇಲ್ಲಿರುವ ಪ್ರಶ್ನೆ.

ಒಂದು ದಾಖಲೆಯೊಳಗೆ ಏನೇನಿರುತ್ತದೆ?

ಒಂದು ಕಾಲ್ಪನಿಕ ಡಿಸ್ಚಾರ್ಜ್ ಸಮ್ಮರಿಯನ್ನು ಕೈಗೆತ್ತಿಕೊಳ್ಳೋಣ. ಮೇಲ್ಭಾಗದಲ್ಲಿ ಹೆಸರು, ಗಂಡನ ಹೆಸರು, ಮನೆ ಹೆಸರು, ಮೊಬೈಲ್ ಸಂಖ್ಯೆ, ಆಸ್ಪತ್ರೆಯ ನೋಂದಣಿ ಸಂಖ್ಯೆ. ಅದರ ಕೆಳಗೆ: ಮಹಿಳೆ, ಜನ್ಮ ದಿನಾಂಕ, ಪೊನ್ನಂಪೇಟೆ ತಾಲ್ಲೂಕಿನ ಒಂದು ಗ್ರಾಮ, ಪಿನ್‌ಕೋಡ್, ಉದ್ಯೋಗದ ಜಾಗದಲ್ಲಿ ‘ತೋಟದ ಕೆಲಸ’, ದಾಖಲಾದದ್ದು ಆಗಸ್ಟ್ 14, ಬಿಡುಗಡೆಯಾದದ್ದು ಆಗಸ್ಟ್ 22. ಅದಕ್ಕೂ ಕೆಳಗೆ ಇಲಿಜ್ವರ, ಕಾಮಾಲೆ, ಜತೆಗೆ ಹಿಂದಿನಿಂದಲೂ ಇರುವ ಎಚ್‌ಐವಿ ಸೋಂಕು. ಕೊನೆಯಲ್ಲಿ ಎರಡು ಸಾಲು ಕೈಬರಹ: ‘ಲೈನ್ ಮನೆಯಲ್ಲಿ ವಾಸ, ಗಂಡ ಹೋದ ವರ್ಷ ಕಾಡಾನೆ ದಾಳಿಯಲ್ಲಿ ತೀರಿಕೊಂಡಿದ್ದಾರೆ.’

ಇದರಲ್ಲಿ ಮೂರು ಬಗೆಯ ಮಾಹಿತಿ ಇದೆ. ಮೊದಲನೆಯದು ನೇರ ಗುರುತು: ಹೆಸರು, ಮೊಬೈಲ್, ಆಧಾರ್, ಆಭಾ, ನೋಂದಣಿ ಸಂಖ್ಯೆ. ಇವು ಒಂದೊಂದೂ ಒಬ್ಬ ವ್ಯಕ್ತಿಯನ್ನೇ ತೋರಿಸುತ್ತವೆ. ಎರಡನೆಯದು ಪರೋಕ್ಷ ಗುರುತು: ಜನ್ಮ ದಿನಾಂಕ, ಲಿಂಗ, ಗ್ರಾಮ, ಉದ್ಯೋಗ, ದಾಖಲಾದ ದಿನ. ಬಿಡಿಬಿಡಿಯಾಗಿ ನೋಡಿದರೆ ಇವು ಯಾರನ್ನೂ ತೋರಿಸುವುದಿಲ್ಲ. ಒಟ್ಟಿಗೆ ಸೇರಿದರೆ ತೋರಿಸುತ್ತವೆ. ಮೂರನೆಯದು ಸೂಕ್ಷ್ಮ ಮಾಹಿತಿ: ಇಲ್ಲಿ ಎಚ್‌ಐವಿ. ಬಹಿರಂಗವಾದರೆ ಆಕೆಯ ಕೆಲಸ, ನೆರೆಹೊರೆ, ಮಕ್ಕಳ ಶಾಲೆ ಎಲ್ಲದರ ಮೇಲೂ ಪರಿಣಾಮ ಬೀರುವ ಸಂಗತಿ. ಸಂಶೋಧಕರಿಗೆ ಬೇಕಾದದ್ದು ಬಹುಪಾಲು ಈ ಮೂರನೆಯ ಬಗೆಯದು. ಅದರೊಂದಿಗೆ ಎರಡನೆಯ ಬಗೆಯ ಒಂದಿಷ್ಟೂ ಬೇಕಾಗುತ್ತದೆ, ಏಕೆಂದರೆ ವಯಸ್ಸು, ಕಾಲ, ಪ್ರದೇಶ ಗೊತ್ತಿಲ್ಲದೆ ಇಲಿಜ್ವರದ ಅಧ್ಯಯನ ಸಾಧ್ಯವಿಲ್ಲ. ತೊಡಕು ಹುಟ್ಟುವುದು ಇಲ್ಲಿಯೇ.

ಹೆಸರು ತೆಗೆದರೆ ಸಾಲದೇ?

ಒಂದು ಸರಳ ಲೆಕ್ಕ ಮಾಡಬಹುದು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಎಂಬತ್ತು ವರ್ಷಗಳಲ್ಲಿ ಸುಮಾರು 29,200 ದಿನಗಳಿವೆ, ಅಂದರೆ ಅಷ್ಟು ಬಗೆಯ ಜನ್ಮ ದಿನಾಂಕಗಳು. ಹೆಣ್ಣು, ಗಂಡು ಎಂದು ಎರಡಾಗಿ ವಿಂಗಡಿಸಿದರೆ 58,400 ಗುಂಪುಗಳಾಗುತ್ತವೆ. ಇಡೀ ಜಿಲ್ಲೆಯ ಜನರನ್ನು ಈ ಗುಂಪುಗಳಿಗೆ ಹಂಚಿದರೆ ಒಂದು ಗುಂಪಿಗೆ ಸರಾಸರಿ ಒಂಬತ್ತು ಹತ್ತು ಮಂದಿ ಮಾತ್ರ ಬರುತ್ತಾರೆ. ಈಗಿರುವ ಐದು ತಾಲ್ಲೂಕುಗಳಲ್ಲಿ ಯಾವುದು ಎಂದು ತಿಳಿದರೆ ಆ ಸಂಖ್ಯೆ ಇಬ್ಬರ ಆಸುಪಾಸಿಗೆ ಇಳಿಯುತ್ತದೆ. ಗ್ರಾಮದ ಹೆಸರೂ ಸಿಕ್ಕಿತೆಂದರೆ ಉಳಿಯುವುದು ಬಹುತೇಕ ಒಬ್ಬರೇ. ಹೆಸರೇ ಇಲ್ಲದ ದಾಖಲೆ ಹೀಗೆ ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. (ಶಾಲೆಗೆ ಸೇರಿಸುವಾಗ ಜೂನ್ 1 ಅಥವಾ ಜನವರಿ 1 ಎಂದು ಬರೆಸಿದ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರು ಮಾತ್ರ ಈ ಲೆಕ್ಕದಲ್ಲಿ ಸ್ವಲ್ಪ ಮರೆಯಲ್ಲಿರುತ್ತಾರೆ.)

ಇದು ಕೇವಲ ಲೆಕ್ಕದ ಮಾತಲ್ಲವೆಂಬುದನ್ನು 1990ರ ದಶಕದಲ್ಲಿ ಅಮೆರಿಕದ ಲಟಾನ್ಯಾ ಸ್ವೀನಿ ತೋರಿಸಿಕೊಟ್ಟರು. ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಸ್ವೀನಿ ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ಖರೀದಿಸಿದರು. ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ಜನ್ಮ ದಿನಾಂಕವೇ ಇದ್ದವರು ಆ ನಗರದಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ವೆಲ್ಡ್ ಅವರ ಅಂಚೆ ಸಂಖ್ಯೆಯಲ್ಲಿ ವಾಸಿಸುತ್ತಿದ್ದವರು ಒಬ್ಬರೇ. ರಾಜ್ಯಪಾಲರ ರೋಗ, ಔಷಧಿಗಳೆಲ್ಲ ಹೀಗೆ ಗೊತ್ತಾದವು. ಅಮೆರಿಕನ್ನರಲ್ಲಿ ಶೇ 87ರಷ್ಟು ಮಂದಿಯನ್ನು ಜನ್ಮ ದಿನಾಂಕ, ಲಿಂಗ ಮತ್ತು ಐದಂಕಿಯ ಅಂಚೆ ಸಂಖ್ಯೆ ಈ ಮೂರರಿಂದಲೇ ಪ್ರತ್ಯೇಕವಾಗಿ ಗುರುತಿಸಬಹುದೆಂದು ಅವರು ಮುಂದೆ ಲೆಕ್ಕ ಹಾಕಿದರು.

ನಮಗೆ ಇನ್ನೂ ಹತ್ತಿರದ್ದು ಅವರ 2013ರ ಅಧ್ಯಯನ. ವಾಷಿಂಗ್ಟನ್ ರಾಜ್ಯದಲ್ಲಿ ಹೆಸರಿಲ್ಲದ ಆಸ್ಪತ್ರೆ ದಾಖಲೆಗಳು 50 ಡಾಲರಿಗೆ ಸಿಗುತ್ತಿದ್ದವು. ಅಪಘಾತ, ಹಲ್ಲೆ ಮುಂತಾದ ಕಾರಣಗಳಿಂದ ಆಸ್ಪತ್ರೆ ಸೇರಿದವರ ಬಗ್ಗೆ ಪತ್ರಿಕೆಗಳಲ್ಲಿ ಬಂದಿದ್ದ 81 ಸುದ್ದಿಗಳನ್ನು ಆ ದಾಖಲೆಗಳೊಂದಿಗೆ ತಾಳೆ ನೋಡಿದಾಗ 35 ಪ್ರಕರಣಗಳಲ್ಲಿ ಒಬ್ಬನೇ ವ್ಯಕ್ತಿಯ ದಾಖಲೆ ಹೊಂದಿಕೆಯಾಯಿತು. ಕೊಡಗಿನ ಪತ್ರಿಕೆಗಳನ್ನು ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಾನೆ ದಾಳಿಯಾದ ಮರುದಿನ ಗಾಯಾಳುವಿನ ಹೆಸರು, ವಯಸ್ಸು, ಊರು, ಯಾವ ತೋಟ, ಯಾವ ಆಸ್ಪತ್ರೆ ಎಲ್ಲವೂ ಸುದ್ದಿಯಲ್ಲಿರುತ್ತವೆ. ಹೆಸರಿಲ್ಲದ ಆಸ್ಪತ್ರೆಯ ಕಡತದಲ್ಲಿ ಅದೇ ದಿನಾಂಕದ ಮುಂದೆ ‘ಆನೆ ತುಳಿತದಿಂದ ಗಾಯ’ ಎಂದಿದ್ದರೆ ಅದು ಯಾರದ್ದೆಂದು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಅದೇ ಸಾಲಿನಲ್ಲಿ ಮದ್ಯವ್ಯಸನವೋ ಕ್ಷಯವೋ ಮಾನಸಿಕ ಕಾಯಿಲೆಯೋ ನಮೂದಾಗಿದ್ದರೆ ಅದೂ ಊರಿಗೆ ತಿಳಿದಂತೆಯೇ. ನಮ್ಮ ಕಾಲ್ಪನಿಕ ಡಿಸ್ಚಾರ್ಜ್ ಸಮ್ಮರಿಯಲ್ಲಿ ಗಂಡನ ಸಾವಿನ ಬಗ್ಗೆ ಬರೆದ ಎರಡು ಸಾಲಿನ ಅಪಾಯವೂ ಇದೇ.

ಇಲ್ಲಿ ಗುರುತು ಹಿಡಿಯುವವರು ದೂರದ ಕಂಪ್ಯೂಟರ್ ಕಳ್ಳರೇ ಆಗಬೇಕಿಲ್ಲ. ಸಂಶೋಧನಾ ತಂಡದಲ್ಲಿ ದತ್ತಾಂಶ ನಮೂದಿಸುವ ಒಬ್ಬರು ಅದೇ ಊರಿನವರಾಗಿದ್ದರೆ ಸಾಕು.

ಗುರುತು ಮರೆಮಾಡುವ ಕ್ರಮಗಳು

ಮೊದಲ ಹೆಜ್ಜೆ ಸಂಕೇತ ಸಂಖ್ಯೆ. ಹೆಸರಿನ ಜಾಗದಲ್ಲಿ ‘ಪಿ-0137’ ಎಂಬಂಥ ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿಯನ್ನು ಆಸ್ಪತ್ರೆಯಲ್ಲೇ ಬೇರೆಯಾಗಿ ಭದ್ರವಾಗಿಡುತ್ತಾರೆ. ಮುಂದೆ ಅಧ್ಯಯನದಲ್ಲಿ ಆ ರೋಗಿಗೆ ತುರ್ತಾಗಿ ತಿಳಿಸಬೇಕಾದ ಸಂಗತಿ ಕಂಡುಬಂದರೆ ಆ ಪಟ್ಟಿಯ ಮೂಲಕ ಅವರನ್ನು ತಲುಪಬಹುದು. ಪಟ್ಟಿ ಇರುವ ತನಕ ಇದು ಪೂರ್ತಿ ಅನಾಮಿಕವಲ್ಲ ಎಂಬುದನ್ನು ಮರೆಯಬಾರದು. ಪಟ್ಟಿ ನಾಶವಾಗಿ, ಬೇರೆ ಯಾವ ದಾರಿಯಿಂದಲೂ ಗುರುತು ಸಿಗದಂತಾದಾಗ ಮಾತ್ರ ದತ್ತಾಂಶ ಅನಾಮಿಕವಾಯಿತು ಎನ್ನಬಹುದು. ಮೊಬೈಲ್ ಸಂಖ್ಯೆಯನ್ನೇ ಗಣಿತದ ಸೂತ್ರದಿಂದ ಬೇರೆ ಅಕ್ಷರಗಳಾಗಿ ಬದಲಿಸಿ ಸಂಕೇತವೆಂದು ಬಳಸುವುದುಂಟು. ಅದು ದುರ್ಬಲ ಕ್ರಮ. ಮೊಬೈಲ್ ಸಂಖ್ಯೆಗಿರುವುದು ಹತ್ತೇ ಅಂಕಿ. ಸೂತ್ರ ಯಾವುದೆಂದು ಗೊತ್ತಿದ್ದವರು ಎಲ್ಲ ಸಾಧ್ಯ ಸಂಖ್ಯೆಗಳನ್ನೂ ಕಂಪ್ಯೂಟರಿನಲ್ಲಿ ಅದೇ ಸೂತ್ರಕ್ಕೆ ಹಾಕಿ ತಾಳೆ ನೋಡಿದರೆ ಮೂಲ ಸಂಖ್ಯೆ ಹೊರಬರುತ್ತದೆ.

ಎರಡನೆಯ ಹೆಜ್ಜೆ ವಿವರಗಳನ್ನು ಸ್ಥೂಲಗೊಳಿಸುವುದು. ಜನ್ಮ ದಿನಾಂಕದ ಬದಲು ಜನ್ಮ ವರ್ಷ, ಗ್ರಾಮದ ಬದಲು ತಾಲ್ಲೂಕು, ‘ಆಗಸ್ಟ್ 14’ರ ಬದಲು ‘ಮಳೆಗಾಲ’. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ: ದಿನಾಂಕದ ಬದಲು ವರ್ಷ ಮಾತ್ರ ಕೊಟ್ಟರೆ 58,400 ಗುಂಪುಗಳು 160ಕ್ಕೆ ಇಳಿಯುತ್ತವೆ, ಒಂದೊಂದು ತಾಲ್ಲೂಕಿನಲ್ಲೂ ಒಂದು ಗುಂಪಿಗೆ ಸರಾಸರಿ ಏಳುನೂರರಷ್ಟು ಮಂದಿ ಸಿಗುತ್ತಾರೆ. ಇಬ್ಬರ ನಡುವೆ ಅಡಗಿಕೊಳ್ಳುವುದಕ್ಕೂ ಏಳುನೂರು ಮಂದಿಯ ನಡುವೆ ಅಡಗಿಕೊಳ್ಳುವುದಕ್ಕೂ ಎಷ್ಟು ಅಂತರ! ಇಲಿಜ್ವರದ ಅಧ್ಯಯನಕ್ಕೆ ಬಹುಪಾಲು ಇಷ್ಟೇ ವಿವರ ಸಾಕಾಗುತ್ತದೆ.

ಎಷ್ಟು ಸ್ಥೂಲಗೊಳಿಸಬೇಕು ಎಂಬುದಕ್ಕೆ ಅಮೆರಿಕದ ಆರೋಗ್ಯ ಮಾಹಿತಿ ನಿಯಮಗಳಲ್ಲಿ ಒಂದು ಅಳತೆಗೋಲಿದೆ. ಅಲ್ಲಿ ತೆಗೆಯಬೇಕಾದ 18 ಬಗೆಯ ಗುರುತುಗಳ ಪಟ್ಟಿಯೇ ಇದೆ. ದಿನಾಂಕಗಳಲ್ಲಿ ವರ್ಷ ಮಾತ್ರ ಉಳಿಯಬೇಕು, 89 ದಾಟಿದವರನ್ನೆಲ್ಲ ‘90 ಮತ್ತು ಮೇಲ್ಪಟ್ಟು’ ಎಂದು ಒಟ್ಟುಗೂಡಿಸಬೇಕು. ಅಂಚೆ ಸಂಖ್ಯೆಯ ಮೊದಲ ಮೂರು ಅಂಕಿಗಳನ್ನು ಉಳಿಸಿಕೊಳ್ಳಬಹುದು, ಅದೂ ಆ ಮೂರು ಅಂಕಿಗಳ ವ್ಯಾಪ್ತಿಯಲ್ಲಿ 20,000ಕ್ಕಿಂತ ಹೆಚ್ಚು ಜನರಿದ್ದರೆ ಮಾತ್ರ. ಅದು ನಮ್ಮ ಕಾನೂನಲ್ಲ, ಆದರೂ ಹೋಲಿಸಿ ನೋಡಲು ಉಪಯುಕ್ತ. 2011ರಲ್ಲಿ ಜಿಲ್ಲಾ ಕೇಂದ್ರವಾದ ಮಡಿಕೇರಿ ಪಟ್ಟಣದ ಜನಸಂಖ್ಯೆಯೇ 33,381. ಇಪ್ಪತ್ತು ಸಾವಿರದ ಗೆರೆ ಎಳೆದರೆ ಕೊಡಗಿನ ಯಾವ ಹಳ್ಳಿಯ ಹೆಸರೂ ಕಡತದಲ್ಲಿ ಉಳಿಯುವಂತಿಲ್ಲ.

ಮೂರನೆಯ ಹೆಜ್ಜೆಯನ್ನು ನಮ್ಮ ಕಾಫಿಯ ಕೆಲಸದಿಂದಲೇ ವಿವರಿಸಬಹುದು. ಹತ್ತು ಬೆಳೆಗಾರರ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದೇ ರಾಶಿಯಾದ ಮೇಲೆ ಯಾವ ಬೀಜ ಯಾರ ತೋಟದ್ದೆಂದು ಹೇಳಲಾಗದು. ದತ್ತಾಂಶದಲ್ಲಿಯೂ ಪ್ರತಿ ದಾಖಲೆ ತನ್ನಂತೆಯೇ ಕಾಣುವ ಕನಿಷ್ಠ ಇಷ್ಟು ದಾಖಲೆಗಳ ಜತೆಗಿರಬೇಕು ಎಂಬ ಷರತ್ತು ಹಾಕುತ್ತಾರೆ. ಆ ಸಂಖ್ಯೆ ಐದಿರಬಹುದು, ಹತ್ತಿರಬಹುದು. ಸ್ವೀನಿ ಮತ್ತು ಪಿಯೆರಾಂಜೆಲಾ ಸಮರಾಟಿ 1998ರಲ್ಲಿ ಮುಂದಿಟ್ಟ ಈ ಕ್ರಮಕ್ಕೆ ‘ಕೆ-ಅನಾನಿಮಿಟಿ’ ಎಂದು ಹೆಸರು. ಇದರಲ್ಲಿಯೂ ಒಂದು ಬಿರುಕಿದೆ. ರಾಶಿಗೆ ಬಂದ ಹತ್ತೂ ಮಂದಿಯದ್ದು ರೊಬಸ್ಟಾ ಮಾತ್ರವೇ ಆಗಿದ್ದರೆ, ಒಬ್ಬ ಬೆಳೆಗಾರನ ಕಾಫಿ ಆ ರಾಶಿಯಲ್ಲಿದೆ ಎಂದು ತಿಳಿದ ಕ್ಷಣವೇ ಅವನದ್ದು ರೊಬಸ್ಟಾ ಎಂದು ತಿಳಿದಂತಾಯಿತು, ಬೀಜ ಹುಡುಕಬೇಕಾಗಿಲ್ಲ. ಹಾಗೆಯೇ, ‘45ರಿಂದ 50 ವರ್ಷದ ಗಂಡಸರು, ಸೋಮವಾರಪೇಟೆ ತಾಲ್ಲೂಕು’ ಎಂಬ ಗುಂಪಿನ ಹತ್ತೂ ಮಂದಿಗೆ ಕ್ಷಯವಿದ್ದರೆ, ಪರಿಚಿತನೊಬ್ಬ ಆ ಗುಂಪಿನಲ್ಲಿದ್ದಾನೆ ಎಂದು ಬಲ್ಲವರಿಗೆ ಅವನ ರೋಗವೂ ಗೊತ್ತಾಗುತ್ತದೆ. ಆದ್ದರಿಂದ ಗುಂಪಿನೊಳಗೆ ಸೂಕ್ಷ್ಮ ಮಾಹಿತಿ ಒಂದೇ ತೆರನಾಗಿರದೆ ಬೇರೆಬೇರೆಯಾಗಿರಬೇಕು ಎಂಬ ಎರಡನೆಯ ಷರತ್ತು 2006ರ ಹೊತ್ತಿಗೆ ಸೇರಿಕೊಂಡಿತು.

ಎಣಿಕೆಯಿಂದಲೂ ಗುಟ್ಟು ಬಯಲಾಗಬಹುದು

ಬಿಡಿ ದಾಖಲೆ ಕೊಡದೆ ಬರೀ ಕೋಷ್ಟಕ ಪ್ರಕಟಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಬುಡಕಟ್ಟು ಜನರ ಪುಟ್ಟ ವಸತಿಯಾದ ಹಾಡಿಯೊಂದರ ಬಗ್ಗೆ ‘ಈ ಹಾಡಿಯಲ್ಲಿ ಸಿಕಲ್ ಸೆಲ್ ರೋಗಿಗಳು: 1’ ಎಂದು ಬರೆದರೆ ಅದು ಅಂಕಿಅಂಶವಲ್ಲ, ಒಬ್ಬ ಮನುಷ್ಯನ ಹೆಸರನ್ನೇ ಬರೆದಂತೆ. ಆದ್ದರಿಂದ ಸಣ್ಣ ಸಂಖ್ಯೆಗಳನ್ನು ಮುಚ್ಚಿ ‘5ಕ್ಕಿಂತ ಕಡಿಮೆ’ ಎಂದಷ್ಟೇ ಹಾಕುವ ಪದ್ಧತಿ ಇದೆ. ಹಾಗೆ ಮುಚ್ಚುವಾಗಲೂ ಒಟ್ಟು ಮೊತ್ತದ ಮೇಲೆ ಕಣ್ಣಿಡಬೇಕು. ಐದು ತಾಲ್ಲೂಕುಗಳಲ್ಲಿ ನಾಲ್ಕರ ಸಂಖ್ಯೆಯನ್ನೂ ಜಿಲ್ಲೆಯ ಮೊತ್ತವನ್ನೂ ಕೊಟ್ಟು ಐದನೆಯದನ್ನು ಮಾತ್ರ ಮುಚ್ಚಿದರೆ ಕಳೆಯುವ ಲೆಕ್ಕ ಬಂದ ಯಾರಾದರೂ ಅದನ್ನು ತೆರೆಯಬಲ್ಲರು.

ಇನ್ನೊಂದು ದಾರಿ ಉತ್ತರಗಳಿಗೆ ಉದ್ದೇಶಪೂರ್ವಕವಾಗಿ ಒಂದಿಷ್ಟು ಏರುಪೇರು ಬೆರೆಸುವುದು. ಕೇಳಿದೊಡನೆ ಅಸಂಬದ್ಧ ಎನಿಸುವ ಈ ಆಲೋಚನೆಯ ಬೇರು 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸೂಚಿಸಿದ ಸಮೀಕ್ಷಾ ವಿಧಾನದಲ್ಲಿದೆ. ಅದರ ಒಂದು ಸರಳ ರೂಪ ಹೀಗಿದೆ: ದಿನವೂ ಮದ್ಯ ಸೇವಿಸುತ್ತೀರಾ ಎಂದು ಸಾವಿರ ಮಂದಿಯನ್ನು ಕೇಳಬೇಕಾಗಿದೆ ಎನ್ನಿ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮುತ್ತಾರೆ. ತಲೆ ಬಿದ್ದರೆ ನಿಜ ಹೇಳಬೇಕು. ಹೂ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಈ ಸಲ ತಲೆ ಬಂದರೆ ‘ಹೌದು’, ಹೂ ಬಂದರೆ ‘ಇಲ್ಲ’ ಎನ್ನಬೇಕು, ನಿಜ ಏನೇ ಇರಲಿ. ‘ಹೌದು’ ಎಂದ ಯಾವ ವ್ಯಕ್ತಿಯನ್ನೂ ಬೊಟ್ಟುಮಾಡಿ ಕುಡುಕನೆನ್ನಲು ಆಗದು, ಅದು ನಾಣ್ಯದ ಮಾತೂ ಇರಬಹುದು. ಆದರೆ ಒಟ್ಟು ಲೆಕ್ಕ ಕೆಡುವುದಿಲ್ಲ. ನಾಣ್ಯದಿಂದಲೇ ಬರುವ ‘ಹೌದು’ ಸುಮಾರು 250. ಒಟ್ಟು 300 ‘ಹೌದು’ ಬಂದಿದ್ದರೆ ಉಳಿದ 50, ನಿಜ ಹೇಳಿದ ಸುಮಾರು 500 ಮಂದಿಯಿಂದ ಬಂದವು. ಅಂದರೆ ನೂರಕ್ಕೆ ಹತ್ತು.

ಈ ತತ್ವಕ್ಕೆ 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ಗಟ್ಟಿಯಾದ ಗಣಿತದ ಚೌಕಟ್ಟು ಕೊಟ್ಟರು. ಅದನ್ನು ‘ಡಿಫರೆನ್ಷಿಯಲ್ ಪ್ರೈವೆಸಿ’ ಎನ್ನುತ್ತಾರೆ. ಒಬ್ಬ ವ್ಯಕ್ತಿಯ ದಾಖಲೆ ಕಡತದಲ್ಲಿ ಇದ್ದರೂ ಇಲ್ಲದಿದ್ದರೂ ಹೊರಬರುವ ಉತ್ತರ ಹೆಚ್ಚು ಬದಲಾಗಬಾರದು ಎಂಬುದು ಅದರ ಸಾರ. 2020ರ ಅಮೆರಿಕದ ಜನಗಣತಿಯಲ್ಲಿ ಇದನ್ನು ಬಳಸಲಾಯಿತು. ಇದರ ಮಿತಿ ನಮಗೆ ನೇರವಾಗಿ ತಟ್ಟುವಂಥದ್ದು: ಲಕ್ಷಗಟ್ಟಲೆ ಜನರ ಎಣಿಕೆಯಲ್ಲಿ ಐದಾರರ ಏರುಪೇರು ಗೊತ್ತೇ ಆಗುವುದಿಲ್ಲ, ಒಂದು ಹಾಡಿಯ ಮೂರು ಪ್ರಕರಣಗಳ ಎಣಿಕೆಯಲ್ಲಾದರೋ ಅದು ಇಡೀ ಉತ್ತರವನ್ನೇ ಹಾಳುಮಾಡುತ್ತದೆ. ಜನಸಂಖ್ಯೆ ಕಡಿಮೆಯಿದ್ದಷ್ಟೂ ಗುಟ್ಟು ಕಾಪಾಡುವುದಕ್ಕೆ ತೆರಬೇಕಾದ ಬೆಲೆ ಹೆಚ್ಚುತ್ತದೆ, ಅದನ್ನು ತಪ್ಪಿಸುವ ಯಾವ ಸೂತ್ರವೂ ಇಲ್ಲ.

ಚಿತ್ರಗಳು

ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರಗಳ ಡಿಜಿಟಲ್ ಕಡತದೊಳಗೆ ರೋಗಿಯ ಹೆಸರು, ವಯಸ್ಸು, ದಿನಾಂಕ ಅಡಗಿ ಕುಳಿತಿರುತ್ತವೆ. ತೆರೆಯ ಮೇಲೆ ಕಾಣದಿದ್ದರೂ ಕಡತದ ಜತೆ ಹೋಗುತ್ತವೆ. ತಲೆಯ ಎಂಆರ್‌ಐಯಿಂದ ಮುಖವನ್ನೇ ಮರುರಚಿಸಬಹುದು. 2019ರಲ್ಲಿ ಮೇಯೋ ಕ್ಲಿನಿಕ್‌ನ ಸಂಶೋಧಕರು 84 ಸ್ವಯಂಸೇವಕರ ಎಂಆರ್‌ಐಯಿಂದ ರಚಿಸಿದ ಮುಖಗಳನ್ನು ಅವರ ಫೋಟೊಗಳೊಂದಿಗೆ ಮುಖ ಗುರುತಿಸುವ ತಂತ್ರಾಂಶದಲ್ಲಿ ಹೋಲಿಸಿದಾಗ 70 ಮಂದಿಯ ಗುರುತು ಸರಿಯಾಗಿ ಸಿಕ್ಕಿತು. ಆದ್ದರಿಂದ ತಲೆಯ ಚಿತ್ರಗಳನ್ನು ಹಂಚಿಕೊಳ್ಳುವ ಮುನ್ನ ಮುಖದ ಭಾಗವನ್ನು ತಂತ್ರಾಂಶದಿಂದ ಅಳಿಸಬೇಕು. ಸಲಹೆ ಕೇಳಲೆಂದು ಫಿಲ್ಮಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಮೂಲೆಯಲ್ಲಿನ ಹೆಸರನ್ನು ಮರೆಮಾಡದಿರುವುದು ಇದಕ್ಕಿಂತ ಎಷ್ಟೋ ಸಾಮಾನ್ಯವಾದ, ಎಷ್ಟೋ ಸುಲಭವಾಗಿ ತಪ್ಪಿಸಬಹುದಾದ ಸೋರಿಕೆ.

ದತ್ತಾಂಶವನ್ನು ಕಳುಹಿಸದೆಯೇ ಹಂಚಿಕೊಳ್ಳುವುದು

ಆಸ್ಟ್ರೇಲಿಯಾ ಸರ್ಕಾರವು 2016ರಲ್ಲಿ ತನ್ನ ಜನಸಂಖ್ಯೆಯ ಹತ್ತನೆಯ ಒಂದು ಭಾಗದಷ್ಟು ಮಂದಿಯ ಚಿಕಿತ್ಸಾ ಬಿಲ್ಲುಗಳ ದತ್ತಾಂಶವನ್ನು ಗುರುತು ಅಳಿಸಿ, ಯಾರು ಬೇಕಾದರೂ ಪಡೆಯುವಂತೆ ಅಂತರ್ಜಾಲಕ್ಕೆ ಹಾಕಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲು ವೈದ್ಯರ ಸಂಕೇತ ಸಂಖ್ಯೆಗಳನ್ನು ಬಿಡಿಸಿ ತೋರಿಸಿದರು, ಸರ್ಕಾರ ಕಡತವನ್ನು ಹಿಂದೆಗೆದುಕೊಂಡಿತು. ಹೆರಿಗೆ, ಶಸ್ತ್ರಚಿಕಿತ್ಸೆಗಳ ದಿನಾಂಕದಂಥ ಬಹಿರಂಗ ಸಂಗತಿಗಳಿಂದ ರೋಗಿಗಳನ್ನೂ ಗುರುತಿಸಬಹುದೆಂದು 2017ರಲ್ಲಿ ಅವರೇ ತೋರಿಸಿದರು. ಒಮ್ಮೆ ಹೊರಹೋದ ಪ್ರತಿಗಳನ್ನು ಮರಳಿ ಪಡೆಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಈ ಬಗೆಯ ಅನುಭವಗಳಿಂದ ಬೆಳೆದದ್ದು ಬೇರೊಂದು ವ್ಯವಸ್ಥೆ. ಅದರಲ್ಲಿ ದತ್ತಾಂಶ ತಾನಿದ್ದಲ್ಲೇ ಇರುತ್ತದೆ. ಅನುಮತಿ ಪಡೆದ ಸಂಶೋಧಕರು ಆ ಭದ್ರ ಕಂಪ್ಯೂಟರಿಗೆ ತಮ್ಮ ಪ್ರಶ್ನೆಯನ್ನು ಕಳುಹಿಸುತ್ತಾರೆ. ಉತ್ತರವಾಗಿ ಬರುವ ಕೋಷ್ಟಕವನ್ನು ಇನ್ನೊಬ್ಬರು ಪರಿಶೀಲಿಸಿ, ಸಣ್ಣ ಸಂಖ್ಯೆಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹೊರಬಿಡುತ್ತಾರೆ. ಯಾರು ಯಾವಾಗ ಏನು ಕೇಳಿದರೆಂಬುದು ದಾಖಲಾಗಿರುತ್ತದೆ. ಬ್ರಿಟನ್ನಿನಲ್ಲಿ 2020ರಲ್ಲಿ ಕೋವಿಡ್ ಅಧ್ಯಯನಕ್ಕೆಂದು ಆರಂಭವಾದ ‘ಓಪನ್‌ಸೇಫ್ಲಿ’ ಹೀಗೆ ಕೋಟಿಗಟ್ಟಲೆ ಜನರ ದಾಖಲೆಗಳ ಮೇಲೆ ಕೆಲಸ ಮಾಡಿದೆ, ಬಿಡಿ ದಾಖಲೆಯನ್ನು ಸಂಶೋಧಕರ ಕೈಗೆ ಕೊಡದೆಯೇ. ಸಣ್ಣ ಜಿಲ್ಲೆಗಳ ಮಟ್ಟಿಗೆ ನನಗೆ ಹೆಚ್ಚು ಭರವಸೆ ಮೂಡಿಸುವ ದಾರಿ ಇದೇ. ಗ್ರಾಮದ ಹೆಸರನ್ನು ಅಳಿಸಿ ಅಧ್ಯಯನವನ್ನು ಬಡವಾಗಿಸುವ ಬದಲು, ಗ್ರಾಮದ ಹೆಸರಿರುವ ಕಡತವನ್ನು ಹೊರಬಿಡದೆ ಅದರಿಂದ ಉತ್ತರವನ್ನಷ್ಟೇ ಪಡೆಯಲು ಇಲ್ಲಿ ಸಾಧ್ಯವಿದೆ.

ಇಂಥ ಏರ್ಪಾಟಿಲ್ಲದ ಕಡೆ ಕಡತವನ್ನು ಗೂಢಲಿಪೀಕರಿಸಿ (ಕೀಲಿ ಇಲ್ಲದವರು ಓದಲಾಗದಂತೆ ಮಾಡಿ), ಲಿಖಿತ ಒಪ್ಪಂದದೊಂದಿಗೆ ಕೊಡುವುದು ಕನಿಷ್ಠ ಕ್ರಮ. ಗುರುತು ಹಿಡಿಯಲು ಪ್ರಯತ್ನಿಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಇಂಥ ದಿನದೊಳಗೆ ಅಳಿಸುತ್ತೇವೆ ಎಂಬ ಷರತ್ತುಗಳು ಆ ಒಪ್ಪಂದದಲ್ಲಿರಬೇಕು. ದಾಖಲೆಗಳನ್ನು ಇಟ್ಟುಕೊಂಡ ಆಸ್ಪತ್ರೆಯ ಸ್ವಂತ ಭದ್ರತೆಯೂ ಗಟ್ಟಿಯಿರಬೇಕೆಂಬುದನ್ನು 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ನಡೆದ ಸೈಬರ್ ದಾಳಿ ನೆನಪಿಸಿತು. ಆಗ ಹಲವು ದಿನಗಳ ಕಾಲ ಅಲ್ಲಿನ ಕೆಲಸ ಕೈಬರಹದಲ್ಲಿ ನಡೆಯಬೇಕಾಯಿತು.

ವ್ಯಕ್ತಿಯ ಗುಟ್ಟು, ಸಮುದಾಯದ ಗುಟ್ಟು

ಇದುವರೆಗಿನ ಕ್ರಮಗಳೆಲ್ಲ ಒಬ್ಬೊಬ್ಬ ವ್ಯಕ್ತಿಯನ್ನು ಕಾಪಾಡುವಂಥವು. ಯಾರೊಬ್ಬರ ಗುರುತೂ ಸಿಗದಿದ್ದರೂ ಇಡೀ ಸಮುದಾಯದ ಮೇಲೆ ಹಣೆಪಟ್ಟಿ ಬೀಳುವುದುಂಟು. ಅಮೆರಿಕದ ಅರಿಜೋನಾದ ಹವಸುಪಾಯಿ ಎಂಬ ಮೂಲನಿವಾಸಿಗಳು 1990ರ ಸುಮಾರಿಗೆ ಮಧುಮೇಹದ ಅಧ್ಯಯನವೆಂದು ತಿಳಿದು ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ, ಒಳಸಂಬಂಧದ ಮದುವೆ, ಪೂರ್ವಿಕರ ವಲಸೆಯ ಅಧ್ಯಯನಗಳಿಗೂ ಬಳಸಿದ್ದು ಅವರಿಗೆ ಆಮೇಲೆ ತಿಳಿಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2010ರಲ್ಲಿ ಅಧ್ಯಯನ ನಡೆಸಿದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯವು 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನು ಹಿಂದಿರುಗಿಸಿತು.

ಕೊಡಗಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ, ಪಣಿಯ ಸಮುದಾಯಗಳಿವೆ. ‘ಇಂಥ ಹಾಡಿಯಲ್ಲಿ ಸಿಕಲ್ ಸೆಲ್ ಹೆಚ್ಚು’ ಎಂಬ ವಾಕ್ಯ ಆ ಹಾಡಿಗೆ ಔಷಧಿ ತಲುಪಿಸಬಲ್ಲದು, ಅಲ್ಲಿನ ಹುಡುಗಿಯರ ಮದುವೆ ಮಾತುಕತೆಯನ್ನೂ ಕೆಡಿಸಬಲ್ಲದು. ಕೊಡವರಲ್ಲಿ ಮನೆ ಹೆಸರು ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬದ ಗುರುತು. ಒಬ್ಬರ ಆನುವಂಶಿಕ ಮಾಹಿತಿಯ ಜತೆ ಮನೆ ಹೆಸರು ಹೊರಬಿದ್ದರೆ ಸಹಿ ಹಾಕದ ಅಣ್ಣತಮ್ಮಂದಿರ, ಚಿಕ್ಕಪ್ಪ ದೊಡ್ಡಪ್ಪಂದಿರ ಬಗ್ಗೆಯೂ ಏನನ್ನೋ ಹೇಳಿದಂತಾಗುತ್ತದೆ. ಹಾಗಾಗಿ ಆನುವಂಶಿಕ ಅಧ್ಯಯನಗಳಲ್ಲಿ ಮನೆ ಹೆಸರನ್ನು ನೇರ ಗುರುತೆಂದೇ ಪರಿಗಣಿಸಿ ತೆಗೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯು ಬುಡಕಟ್ಟು ಪ್ರದೇಶಗಳಲ್ಲಿ ಅಧ್ಯಯನಕ್ಕೆ ಮುನ್ನ ಜಿಲ್ಲಾಧಿಕಾರಿ ಅಥವಾ ಬುಡಕಟ್ಟು ಕಲ್ಯಾಣ ಅಧಿಕಾರಿಗಳಂಥವರ ಅನುಮತಿ ಬೇಕೆನ್ನುತ್ತದೆ, ಅಧ್ಯಯನದಿಂದ ಆ ಸಮುದಾಯಕ್ಕೇ ಪ್ರಯೋಜನವಾಗಬೇಕೆಂದೂ ಹೇಳುತ್ತದೆ.

ಕಾನೂನು ಎಲ್ಲಿ ನಿಂತಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಮುಂದುವರಿಕೆಯಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದರೂ ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿಯಿದೆ. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಓದುಗರು ಎರಡು ಸಂಗತಿಗಳನ್ನು ಗಮನಿಸಬೇಕು. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್ ಆದ ಮಾಹಿತಿಗೆ. ಕಾಗದದಲ್ಲೇ ಉಳಿದ ಹಳೆಯ ಕೇಸ್ ಶೀಟ್ ಅದರ ವ್ಯಾಪ್ತಿಯ ಹೊರಗಿದೆ. ಎರಡನೆಯದಾಗಿ, ಸಂಶೋಧನೆಗೆ ವಿನಾಯಿತಿ ಇದೆ: ನಿಗದಿತ ಮಾನದಂಡಗಳನ್ನು ಪಾಲಿಸಿ, ಆ ದತ್ತಾಂಶದ ಆಧಾರದಲ್ಲಿ ನಿರ್ದಿಷ್ಟ ವ್ಯಕ್ತಿಯ ಕುರಿತು ಯಾವ ತೀರ್ಮಾನವನ್ನೂ ಕೈಗೊಳ್ಳದಿದ್ದರೆ ಕಾಯ್ದೆಯ ಷರತ್ತುಗಳು ಅನ್ವಯಿಸುವುದಿಲ್ಲ. ಹಾಗೆಂದು ಸಂಶೋಧಕರಿಗೆ ಬಾಗಿಲು ಪೂರ್ತಿ ತೆರೆದಿದೆ ಎಂದಲ್ಲ. ಎಚ್‌ಐವಿ ಕುರಿತ 2017ರ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ಆಯಾ ರೋಗಿಗಳ ಗೋಪ್ಯತೆಯನ್ನು ಪ್ರತ್ಯೇಕವಾಗಿ ಕಾಪಾಡುತ್ತವೆ. ವೈದ್ಯಕೀಯ ಸಂಶೋಧನೆಗೆ ಎಥಿಕ್ಸ್ ಕಮಿಟಿಯ, ಅಂದರೆ ಅಧ್ಯಯನ ನೈತಿಕವಾಗಿದೆಯೇ ಎಂದು ಪರಿಶೀಲಿಸುವ ಸಮಿತಿಯ ಅನುಮೋದನೆ ಬೇಕು. ಈ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಕಾನೂನು ಬಲ್ಲವರೂ ವೈದ್ಯಕೀಯಕ್ಕೆ ಸಂಬಂಧವಿಲ್ಲದ ಜನಸಾಮಾನ್ಯರೊಬ್ಬರೂ ಇರಬೇಕು. ಹಳೆಯ ದಾಖಲೆಗಳನ್ನು ಗುರುತಿಲ್ಲದೆ ಬಳಸುವಾಗ ಪ್ರತಿ ರೋಗಿಯ ಒಪ್ಪಿಗೆ ಕೇಳುವುದರಿಂದ ವಿನಾಯಿತಿ ಕೊಡುವ ಅಧಿಕಾರವೂ ಈ ಸಮಿತಿಗಿದೆ. ಆದ್ದರಿಂದ ನಮ್ಮ ಹಳೆಯ ಕೇಸ್ ಶೀಟ್ ನಮ್ಮನ್ನು ಕೇಳದೆಯೇ, ಕಾನೂನುಬದ್ಧವಾಗಿಯೇ ಅಧ್ಯಯನವೊಂದರಲ್ಲಿ ಬಳಕೆಯಾಗಿರಬಹುದು.

ಸಹಿ ಹಾಕುವ ಮುನ್ನ

ಹೊಸದಾಗಿ ರಕ್ತ, ಮಾಹಿತಿ ಕೊಡುವಾಗ ಒಪ್ಪಿಗೆ ಪತ್ರದ ಜತೆ ಮಾಹಿತಿ ಹಾಳೆಯೊಂದನ್ನು ಕೊಡಬೇಕು, ಅದು ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು, ಅಧ್ಯಯನ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಜತೆಗಿರಬೇಕು. ಅವಸರ ಮಾಡಿದರೆ ಸಮಯ ಕೇಳಬಹುದು. ಕೆಲವು ಪ್ರಶ್ನೆಗಳನ್ನೂ ಕೇಳಬೇಕು: ಈ ಮಾಹಿತಿ ಈ ಒಂದೇ ಅಧ್ಯಯನಕ್ಕೋ, ಮುಂದಿನ ಬೇರೆ ಅಧ್ಯಯನಗಳಿಗೂ ಹೋಗುತ್ತದೆಯೋ. ಊರಿನ ಹೆಸರು, ಮನೆ ಹೆಸರು ಕಡತದಲ್ಲಿ ಉಳಿಯುತ್ತವೆಯೋ. ಸಂಕೇತ ಸಂಖ್ಯೆಯ ಪಟ್ಟಿ ಯಾರ ಬಳಿ, ಎಷ್ಟು ಕಾಲ ಇರುತ್ತದೆ. ತಂಡದಲ್ಲಿ ನಮ್ಮೂರಿನವರಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ‘ಬೇಡ’ ಎಂದರೆ ನಮಗೆ ಸಿಗುವ ಚಿಕಿತ್ಸೆಯಲ್ಲಿ ಕಡಿಮೆ ಮಾಡುವಂತಿಲ್ಲ.

ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಹಕ್ಕೂ ನಮಗಿದೆ, ಆದರೆ ಅದು ಯಾವ ಹಂತದಲ್ಲಿ ಫಲ ಕೊಡುತ್ತದೆ ಎಂಬುದು ಮುಖ್ಯ. ಸಂಕೇತ ಸಂಖ್ಯೆಯ ಪಟ್ಟಿ ಇರುವವರೆಗೆ ನಮ್ಮ ದಾಖಲೆಯನ್ನು ಹುಡುಕಿ ತೆಗೆಯಬಹುದು. ಪಟ್ಟಿ ನಾಶವಾಗಿ ದತ್ತಾಂಶ ಅನಾಮಿಕವಾದ ಮೇಲೆ ಯಾವುದು ನಮ್ಮದೆಂದು ಸಂಶೋಧಕರಿಗೂ ತಿಳಿಯದು, ತೆಗೆಯಲೂ ಆಗದು. ಆ ಹಂತ ಯಾವಾಗ ಬರುತ್ತದೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಮಾಹಿತಿ ಹಾಳೆಯ ಪ್ರತಿಯೊಂದನ್ನು ಮನೆಗೆ ತಂದು ಜೋಪಾನವಾಗಿಡಿ. ಅಧ್ಯಯನದ ಮುಖ್ಯಸ್ಥರನ್ನೂ ಎಥಿಕ್ಸ್ ಕಮಿಟಿಯನ್ನೂ ಸಂಪರ್ಕಿಸುವ ವಿವರ ಅದರಲ್ಲಿರುತ್ತದೆ.